ಕೃತಕ ಬುದ್ಧಿಮತ್ತೆಯ ಪರಿಚಯ ಪಠ್ಯ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ)

ಕೃತಕ ಬುದ್ಧಿಮತ್ತೆಯ ಪರಿಚಯ ಪಠ್ಯವು ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಬಿ.ಇ. ಪದವಿಯಲ್ಲಿ ಕಂಪ್ಯೂಟರ್ ವಿಜ್ಞಾನ ಮತ್ತು ಅದಕ್ಕೆ ಸಂಬಂಧಿಸಿದ ಶಾಖೆಗಳ ವಿದ್ಯಾರ್ಥಿಗಳಿಗೆ ಬೋಧಿಸಲಾಗುವ ವಿಷಯವಾಗಿದೆ. ಸಮಸ್ಯೆಯನ್ನು ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ ನಿರೂಪಿಸುವುದು, ಪರಿಹಾರವನ್ನು ಶೋಧಿಸುವುದು, ಜ್ಞಾನವನ್ನು ತರ್ಕದ ವಾಕ್ಯಗಳಲ್ಲಿ ಬರೆಯುವುದು ಮತ್ತು ದತ್ತಾಂಶದಿಂದ ಕಲಿಯುವುದು ಇದರ ಮುಖ್ಯ ಭಾಗಗಳು. ಪಠ್ಯಕ್ರಮವನ್ನು ಬೆಳಗಾವಿಯಲ್ಲಿರುವ ವಿಶ್ವವಿದ್ಯಾಲಯವು ರೂಪಿಸುವುದರಿಂದ, ಬೆಂಗಳೂರಿನ ಕಾಲೇಜುಗಳಲ್ಲಿಯೂ ಚಿಕ್ಕೋಡಿ, ನಿಪ್ಪಾಣಿಯಂತಹ ಗಡಿ ತಾಲ್ಲೂಕುಗಳ ಕಾಲೇಜುಗಳಲ್ಲಿಯೂ ಸ್ವಾಯತ್ತವಲ್ಲದ ಸಂಸ್ಥೆಗಳ ವಿದ್ಯಾರ್ಥಿಗಳು ಒಂದೇ ಪಠ್ಯವನ್ನು ಓದಿ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರಿಸುತ್ತಾರೆ.

ಈ ವಿಷಯದಲ್ಲಿ ಬರುವ ಪ್ರತಿಯೊಂದು ಕ್ರಮವಿಧಿಯೂ ಕೆಲವು ಊಹೆಗಳ ಮೇಲೆ ನಿಂತಿದೆ. ಆ ಊಹೆಗಳು ಸರಿಯಿದ್ದಾಗ ಮಾತ್ರ ಅದರ ಉತ್ತರ ನಂಬಲರ್ಹವಾಗಿರುತ್ತದೆ. ಕಾರ್ಯಕ್ರಮವನ್ನು ಓಡಿಸಿ ಉತ್ತರ ಪಡೆಯುವುದು ಮತ್ತು ಆ ಉತ್ತರವನ್ನು ಯಾವಾಗ ನಂಬಬಾರದು ಎಂದು ತಿಳಿಯುವುದು ಬೇರೆ ಬೇರೆ ಕೌಶಲಗಳಾಗಿದ್ದು, ಪರಿಚಯ ಪಠ್ಯದ ಬೋಧನೆಯಲ್ಲಿ ಎರಡನೆಯದನ್ನು ಕಲಿಸುವುದೇ ಹೆಚ್ಚು ಕಠಿಣವಾದ ಕೆಲಸವಾಗಿದೆ.

## ಹಿನ್ನೆಲೆ

ಕೃತಕ ಬುದ್ಧಿಮತ್ತೆ ಎಂಬ ಅಧ್ಯಯನ ಕ್ಷೇತ್ರಕ್ಕೆ 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಬೇಸಿಗೆ ಸಮಾವೇಶವನ್ನು ಆರಂಭಬಿಂದುವೆಂದು ಪರಿಗಣಿಸಲಾಗುತ್ತದೆ. ಅದರ ಪ್ರಸ್ತಾವನೆಯನ್ನು ಜಾನ್ ಮೆಕಾರ್ಥಿ, ಮಾರ್ವಿನ್ ಮಿನ್ಸ್ಕಿ, ನಥಾನಿಯಲ್ ರಾಚೆಸ್ಟರ್ ಮತ್ತು ಕ್ಲಾಡ್ ಶಾನನ್ ಅವರು 1955ರಲ್ಲಿ ಸಿದ್ಧಪಡಿಸಿದ್ದರು. ಸ್ನಾತಕ ತರಗತಿಗಳಿಗೆ ಹೊಂದುವ ಪಠ್ಯಪುಸ್ತಕಗಳಲ್ಲಿ ಎಲೇನ್ ರಿಚ್ ಅವರ ಪುಸ್ತಕ 1983ರಲ್ಲಿಯೂ, ಸ್ಟುವರ್ಟ್ ರಸೆಲ್ ಮತ್ತು ಪೀಟರ್ ನಾರ್ವಿಗ್ ಅವರ ಪುಸ್ತಕ 1995ರಲ್ಲಿಯೂ, ಟಾಮ್ ಮಿಚೆಲ್ ಅವರ ಯಂತ್ರ ಕಲಿಕೆಯ ಪುಸ್ತಕ 1997ರಲ್ಲಿಯೂ ಮೊದಲು ಪ್ರಕಟವಾದವು. ಈ ಮೂರೂ ಮುಂದೆ ವಿಟಿಯು ಪಠ್ಯಕ್ರಮದಲ್ಲಿ ಬೇರೆ ಬೇರೆ ಕಾಲಕ್ಕೆ ಪಠ್ಯಪುಸ್ತಕಗಳಾದವು.

ಭಾರತದಲ್ಲಿ 1986ರಲ್ಲಿ ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ಯೋಜನೆಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಜ್ಞಾನ ನಿರೂಪಣೆ ಮತ್ತು ಸಂಸ್ಕೃತವನ್ನು ಕುರಿತ ಸಮ್ಮೇಳನವೂ ಬೆಂಗಳೂರಿನಲ್ಲಿ ನಡೆಯಿತು. ಆಗ ಈ ವಿಷಯವು ಹೆಚ್ಚಾಗಿ ಸಂಶೋಧನಾ ಸಂಸ್ಥೆಗಳಿಗೆ ಸೀಮಿತವಾಗಿತ್ತು.

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪನೆಯಾಗಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಬೆಳಗಾವಿ ಜಿಲ್ಲೆಯ ವಾಯವ್ಯ ಭಾಗದಲ್ಲಿ ಚಿಕ್ಕೋಡಿಯ ಕೆ.ಎಲ್.ಇ. ಇಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಕಾಲೇಜು ಹಾಗೂ ನಿಪ್ಪಾಣಿಯ ವಿ.ಎಸ್.ಎಂ. ಸಂಸ್ಥೆಯ ಸೋಮಶೇಖರ ಆರ್. ಕೋಠಿವಾಲೆ ತಾಂತ್ರಿಕ ಸಂಸ್ಥೆ ಈ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂತಹ ಗ್ರಾಮಗಳಿಗೂ ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೂ ಇವು ಸಮೀಪದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸೇರಿವೆ.

## ಪಠ್ಯಕ್ರಮದ ಬದಲಾವಣೆಗಳು

ವಿಟಿಯು ತನ್ನ ಪಠ್ಯಕ್ರಮವನ್ನು ‘ಸ್ಕೀಮ್’ ಎಂಬ ಹೆಸರಿನಲ್ಲಿ ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತದೆ. ಕಂಪ್ಯೂಟರ್ ವಿಜ್ಞಾನ ಶಾಖೆಯಲ್ಲಿ ಈ ವಿಷಯದ ಸ್ಥಾನವು ಕೆಳಕಂಡಂತೆ ಬದಲಾಗಿದೆ.

* 2015ರ ಸ್ಕೀಮ್: ಕೃತಕ ಬುದ್ಧಿಮತ್ತೆಯು ಐದನೆಯ ಸೆಮಿಸ್ಟರಿನ ಐಚ್ಛಿಕ ವಿಷಯವಾಗಿತ್ತು (15ಸಿಎಸ್562). ಯಂತ್ರ ಕಲಿಕೆಯು ಏಳನೆಯ ಸೆಮಿಸ್ಟರಿನಲ್ಲಿ ಕಡ್ಡಾಯ ವಿಷಯವಾಗಿದ್ದು (15ಸಿಎಸ್73), ಅದಕ್ಕೆ ಪ್ರತ್ಯೇಕ ಪ್ರಯೋಗಾಲಯವಿತ್ತು (15ಸಿಎಸ್ಎಲ್76).
* 2018ರ ಸ್ಕೀಮ್: ಎರಡನ್ನೂ ಸೇರಿಸಿ ಏಳನೆಯ ಸೆಮಿಸ್ಟರಿನಲ್ಲಿ ‘ಕೃತಕ ಬುದ್ಧಿಮತ್ತೆ ಮತ್ತು ಯಂತ್ರ ಕಲಿಕೆ’ ಎಂಬ ಒಂದೇ ಕಡ್ಡಾಯ ವಿಷಯವನ್ನು ಮಾಡಲಾಯಿತು (18ಸಿಎಸ್71). ಇದಕ್ಕೆ ನಾಲ್ಕು ಕ್ರೆಡಿಟ್‌ಗಳು ಮತ್ತು 50 ಬೋಧನಾ ಗಂಟೆಗಳಿದ್ದವು.
* 2021ರ ಸ್ಕೀಮ್: ಸಂಯುಕ್ತ ವಿಷಯವು ಐದನೆಯ ಸೆಮಿಸ್ಟರಿಗೆ ಬಂದಿತು (21ಸಿಎಸ್54).
* 2022ರ ಸ್ಕೀಮ್: ಎರಡೂ ಮತ್ತೆ ಬೇರೆಯಾದವು. ಕೃತಕ ಬುದ್ಧಿಮತ್ತೆಯು ಐದನೆಯ ಸೆಮಿಸ್ಟರಿನ ಐಚ್ಛಿಕ ವಿಷಯಗಳಲ್ಲಿ ಒಂದಾಯಿತು (ಬಿಸಿಎಸ್515ಬಿ). ಯಂತ್ರ ಕಲಿಕೆಯು ಆರನೆಯ ಸೆಮಿಸ್ಟರಿಗೆ ಬಂದಿತು (ಬಿಸಿಎಸ್602).

2018ರ ಸಂಯುಕ್ತ ಪಠ್ಯವನ್ನು ತಲಾ ಹತ್ತು ಗಂಟೆಗಳ ಐದು ಘಟಕಗಳಾಗಿ ವಿಂಗಡಿಸಲಾಗಿತ್ತು. ಮೊದಲ ಘಟಕ ಮತ್ತು ಎರಡನೆಯ ಘಟಕದ ಒಂದು ಭಾಗಕ್ಕೆ ರಿಚ್, ನೈಟ್ ಮತ್ತು ನಾಯರ್ ಅವರ ಪುಸ್ತಕವೂ ಉಳಿದ ಭಾಗಗಳಿಗೆ ಮಿಚೆಲ್ ಅವರ ಪುಸ್ತಕವೂ ಆಧಾರವಾಗಿದ್ದವು. ಹೀಗಾಗಿ ಶೋಧ, ತರ್ಕ ಮತ್ತು ಜ್ಞಾನ ನಿರೂಪಣೆಗೆ ಒಟ್ಟು ಅವಧಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾಲ ದೊರೆಯುತ್ತಿರಲಿಲ್ಲ. 2021ರ ಸ್ಕೀಮಿನಿಂದ ರಸೆಲ್ ಮತ್ತು ನಾರ್ವಿಗ್ ಅವರ ಪುಸ್ತಕದ ಜೊತೆಗೆ ಎಸ್. ಶ್ರೀಧರ್ ಮತ್ತು ಎಂ. ವಿಜಯಲಕ್ಷ್ಮಿ ಅವರ ಯಂತ್ರ ಕಲಿಕೆಯ ಪುಸ್ತಕವೂ ಬಳಕೆಗೆ ಬಂದಿತು.

ಎರಡನ್ನೂ ಒಂದಾಗಿಸುವುದರಿಂದ ಎಲ್ಲ ವಿದ್ಯಾರ್ಥಿಗಳಿಗೂ ಎರಡರ ಪರಿಚಯ ದೊರೆಯುತ್ತದೆ, ಆದರೆ ಪ್ರತಿಯೊಂದಕ್ಕೂ ಸಿಗುವ ಕಾಲ ಕಡಿಮೆಯಾಗುತ್ತದೆ. ಬೇರೆಯಾಗಿಸಿದರೆ ಆಳ ಹೆಚ್ಚುತ್ತದೆ, ಆದರೆ ಐಚ್ಛಿಕವನ್ನು ಆಯ್ದುಕೊಳ್ಳದ ವಿದ್ಯಾರ್ಥಿಯು ಶೋಧ ಮತ್ತು ತರ್ಕದ ಭಾಗವನ್ನು ಓದದೆಯೇ ಪದವಿ ಪಡೆಯುವ ಸಾಧ್ಯತೆಯಿದೆ.

## ಮುಖ್ಯ ಪರಿಕಲ್ಪನೆಗಳು ಮತ್ತು ಅವುಗಳ ಬೋಧನೆ

### ಶೋಧ

ಮೊದಲ ಘಟಕದಲ್ಲಿ ಸಮಸ್ಯೆಯನ್ನು ಸ್ಥಿತಿಗಳು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಒಯ್ಯುವ ಕ್ರಿಯೆಗಳು ಮತ್ತು ಗುರಿ ಎಂದು ವಿಂಗಡಿಸಲು ಕಲಿಸಲಾಗುತ್ತದೆ. ನೀರಿನ ಎರಡು ಹೂಜಿಗಳ ಸಮಸ್ಯೆ ಮತ್ತು ಎಂಟು ಬಿಲ್ಲೆಗಳ ಒಗಟು ಇದಕ್ಕೆ ಪಠ್ಯಪುಸ್ತಕಗಳಲ್ಲಿ ಬರುವ ಸಾಮಾನ್ಯ ಉದಾಹರಣೆಗಳು. ಅನಂತರ ಎ-ಸ್ಟಾರ್ ಕ್ರಮವಿಧಿಯನ್ನು ಪರಿಚಯಿಸಲಾಗುತ್ತದೆ. ಇದರಲ್ಲಿ ಪ್ರತಿ ಸ್ಥಾನಕ್ಕೂ ಅಲ್ಲಿಯವರೆಗೆ ಆದ ವೆಚ್ಚ ಮತ್ತು ಅಲ್ಲಿಂದ ಗುರಿಗೆ ಆಗಬಹುದಾದ ಅಂದಾಜು ವೆಚ್ಚ ಎರಡನ್ನೂ ಕೂಡಿಸಿ, ಮೊತ್ತ ಕನಿಷ್ಠವಾಗಿರುವ ಸ್ಥಾನವನ್ನು ಮೊದಲು ಪರಿಶೀಲಿಸಲಾಗುತ್ತದೆ.

ಕೃಷ್ಣಾ ನದಿಯ ಇಕ್ಕೆಲಗಳ ಊರುಗಳನ್ನು ತೆಗೆದುಕೊಂಡರೆ ಈ ವಿಧಾನವು ಸ್ಪಷ್ಟವಾಗುತ್ತದೆ. ಚಿಕ್ಕೋಡಿಯಿಂದ ಅಥಣಿಗೆ ಹೋಗಲು ನದಿಯನ್ನು ದಾಟಲೇಬೇಕು. ಅಂಕಲಿ ಮತ್ತು ಮಾಂಜರಿಗಳ ನಡುವಿನ ಸೇತುವೆ ಒಂದು ದಾರಿ, ರಾಯಬಾಗದ ಕಡೆಯಿಂದ ಕುಡಚಿ ಮತ್ತು ಉಗಾರಗಳ ನಡುವಿನ ಸೇತುವೆ ಇನ್ನೊಂದು ದಾರಿ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳಬಹುದು. ಅಂಕಲಿಯವರೆಗಿನ ವೆಚ್ಚ 3, ಅಲ್ಲಿಂದ ಅಥಣಿಗೆ ನೇರ ರೇಖೆಯ ಅಂದಾಜು 11 ಆದರೆ ಮೊತ್ತ 14. ರಾಯಬಾಗದವರೆಗಿನ ವೆಚ್ಚ 5, ಅಲ್ಲಿಂದ ಅಂದಾಜು 8 ಆದರೆ ಮೊತ್ತ 13. ಕ್ರಮವಿಧಿಯು ಮೊದಲು ರಾಯಬಾಗವನ್ನು ಆಯ್ದು ಕುಡಚಿಯವರೆಗೆ ಸಾಗುತ್ತದೆ. ಕುಡಚಿಯ ಸೇತುವೆ ಮುಳುಗಿದ್ದು ಆ ಕೊಂಡಿ ಇಲ್ಲವಾದರೆ, ಬದಿಗಿರಿಸಿದ್ದ ಅಂಕಲಿಯ ದಾರಿಗೆ ಅದು ಹಿಂದಿರುಗುತ್ತದೆ. ಪರಿಶೀಲಿಸದ ದಾರಿಗಳನ್ನು ಮರೆಯದೆ ಪಟ್ಟಿಯಲ್ಲಿ ಇರಿಸಿಕೊಳ್ಳುವುದು ಈ ಕ್ರಮವಿಧಿಯ ಬಲವಾಗಿದೆ.

ಎ-ಸ್ಟಾರ್ ನೀಡುವ ದಾರಿ ಅತ್ಯುತ್ತಮವಾಗಿರಬೇಕಾದರೆ ಅಂದಾಜು ಎಂದಿಗೂ ನಿಜವಾದ ವೆಚ್ಚಕ್ಕಿಂತ ಹೆಚ್ಚಾಗಿರಬಾರದು. ರಸ್ತೆಯು ನೇರ ರೇಖೆಗಿಂತ ಚಿಕ್ಕದಾಗಿರಲು ಸಾಧ್ಯವಿಲ್ಲದ ಕಾರಣ ನೇರ ರೇಖೆಯ ದೂರವು ಈ ನಿಯಮವನ್ನು ಪಾಲಿಸುತ್ತದೆ. ಆದರೆ ಕ್ರಮವಿಧಿಗೆ ನಕ್ಷೆಯಲ್ಲಿ ಇರುವುದು ಮಾತ್ರ ಗೊತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಬಂದಂತಹ ಪ್ರವಾಹದಲ್ಲಿ ಸೇತುವೆ ಮುಳುಗಿದ ಸಂಗತಿಯನ್ನು ನಕ್ಷೆಗೆ ಸೇರಿಸದಿದ್ದರೆ, ಅದು ಮುಳುಗಿದ ಸೇತುವೆಯ ಮೇಲಿನ ದಾರಿಯನ್ನೇ ಅತ್ಯುತ್ತಮವೆಂದು ತೋರಿಸುತ್ತದೆ. ಲೆಕ್ಕದಲ್ಲಿ ತಪ್ಪಿರುವುದಿಲ್ಲ, ಸಮಸ್ಯೆಯ ನಿರೂಪಣೆಯಲ್ಲಿ ತಪ್ಪಿರುತ್ತದೆ.

### ಪರಿಕಲ್ಪನೆಯ ಕಲಿಕೆ

ಯಂತ್ರ ಕಲಿಕೆಯ ಭಾಗವು ಮಿಚೆಲ್ ಅವರ ಪುಸ್ತಕದ ‘ಕ್ರೀಡೆಗೆ ಯೋಗ್ಯವಾದ ದಿನ’ ಎಂಬ ಉದಾಹರಣೆಯಿಂದ ಆರಂಭವಾಗುತ್ತದೆ. ಇದರಲ್ಲಿ ಆಕಾಶ, ಉಷ್ಣತೆ, ಆರ್ದ್ರತೆ, ಗಾಳಿ, ನೀರು ಮತ್ತು ಮುನ್ಸೂಚನೆ ಎಂಬ ಆರು ಗುಣಗಳಿವೆ. ಆಕಾಶಕ್ಕೆ ಮೂರು ಬೆಲೆಗಳೂ ಉಳಿದವಕ್ಕೆ ತಲಾ ಎರಡು ಬೆಲೆಗಳೂ ಇರುವುದರಿಂದ 96 ಬಗೆಯ ದಿನಗಳು ಸಾಧ್ಯ. ಪ್ರತಿ ಗುಣಕ್ಕೂ ಒಂದು ನಿರ್ದಿಷ್ಟ ಬೆಲೆ, ‘ಯಾವುದಾದರೂ ಸರಿ’ ಅಥವಾ ‘ಯಾವುದೂ ಸಲ್ಲದು’ ಎಂಬ ರೂಪದ ನಿಯಮಗಳನ್ನು ಮಾತ್ರ ಒಪ್ಪಿದರೆ 973 ಭಿನ್ನ ನಿಯಮಗಳು ಉಳಿಯುತ್ತವೆ. ಸಾಧ್ಯವಿರುವ ಎಲ್ಲ ನಿಯಮಗಳ ಸಂಖ್ಯೆ ಎರಡರ 96ನೆಯ ಘಾತದಷ್ಟು ದೊಡ್ಡದು. ಅಷ್ಟರಿಂದ 973ಕ್ಕೆ ಇಳಿಯಲು ಕಾರಣವಾದದ್ದು ದತ್ತಾಂಶವಲ್ಲ, ನಿಯಮದ ರೂಪವನ್ನು ಕುರಿತು ಮೊದಲೇ ಮಾಡಿಕೊಂಡ ಊಹೆ. ಇಂತಹ ಪೂರ್ವಗ್ರಹವಿಲ್ಲದೆ ಯಾವ ಯಂತ್ರವೂ ಕಂಡ ಉದಾಹರಣೆಗಳಿಂದ ಕಾಣದ ಉದಾಹರಣೆಗೆ ದಾಟಲಾರದು ಎಂಬುದು ಈ ಅಧ್ಯಾಯದ ಸಾರಾಂಶವಾಗಿದೆ.

ಅಭ್ಯರ್ಥಿ ನಿವಾರಣೆ ಎಂಬ ಕ್ರಮವಿಧಿಯು ಪ್ರತಿ ಉದಾಹರಣೆಗೂ ಹೊಂದದ ನಿಯಮಗಳನ್ನು ಕೈಬಿಡುತ್ತಾ ಸಾಗುತ್ತದೆ. ಪುಸ್ತಕದ ನಾಲ್ಕು ಉದಾಹರಣೆಗಳ ಬಳಿಕ ಆರು ನಿಯಮಗಳು ಉಳಿಯುತ್ತವೆ. ದತ್ತಾಂಶದಲ್ಲಿ ಒಂದೇ ಒಂದು ತಪ್ಪು ಗುರುತು ಇದ್ದರೂ ಸರಿಯಾದ ನಿಯಮವು ಶಾಶ್ವತವಾಗಿ ಹೊರಬೀಳುತ್ತದೆ ಎಂಬುದು ಇದರ ಮಿತಿ.

### ನಿರ್ಧಾರ ವೃಕ್ಷ

ಐಡಿ3 ಎಂಬ ಕ್ರಮವಿಧಿಯನ್ನು ರಾಸ್ ಕ್ವಿನ್ಲನ್ ಅವರು ರೂಪಿಸಿದರು. ಯಾವ ಪ್ರಶ್ನೆಯನ್ನು ಮೊದಲು ಕೇಳಿದರೆ ಅನಿಶ್ಚಿತತೆ ಹೆಚ್ಚು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿ ಇದು ವೃಕ್ಷವನ್ನು ಬೆಳೆಸುತ್ತದೆ. ತರಗತಿಯಲ್ಲಿ ಸಾಮಾನ್ಯವಾಗಿ ಬಳಸುವ ಟೆನಿಸ್ ಪಟ್ಟಿಯಲ್ಲಿ 14 ದಿನಗಳಿದ್ದು, 9 ದಿನ ಆಟವಾಡಲಾಗಿದೆ, 5 ದಿನ ಆಡಿಲ್ಲ. ಅದರ ಎಂಟ್ರೊಪಿ 0.940. ಆಕಾಶದ ಸ್ಥಿತಿಯಿಂದ ದೊರೆಯುವ ಮಾಹಿತಿ ಲಾಭ 0.246, ಆರ್ದ್ರತೆಯಿಂದ 0.151, ಗಾಳಿಯಿಂದ 0.048 ಮತ್ತು ಉಷ್ಣತೆಯಿಂದ 0.029. ಆದ್ದರಿಂದ ಆಕಾಶದ ಸ್ಥಿತಿಯು ವೃಕ್ಷದ ಬೇರಾಗುತ್ತದೆ.

ಇದೇ ಲೆಕ್ಕವನ್ನು ಬೇರೆ ವಿಷಯಕ್ಕೂ ಅನ್ವಯಿಸಬಹುದು. ನಿಪ್ಪಾಣಿ ಭಾಗದಲ್ಲಿ ಬೀಡಿ ತಂಬಾಕನ್ನು ಬಿಸಿಲಿನಲ್ಲಿ ಒಣಗಿಸುವ ರೂಢಿಯಿದೆ. ಇಂದು ಎಲೆಯನ್ನು ಒಣಹಾಕಬೇಕೇ ಬೇಡವೇ ಎಂಬ ನಿರ್ಧಾರವೂ ಮೋಡ, ಆರ್ದ್ರತೆ ಮತ್ತು ಗಾಳಿಯನ್ನು ಅವಲಂಬಿಸಿದೆ. ಹಿಂದಿನ ದಿನಗಳ ಪಟ್ಟಿಯಿದ್ದರೆ ವೃಕ್ಷವನ್ನು ರಚಿಸಬಹುದು. ಅದರ ಜೊತೆಗೆ, 14 ದಿನಗಳ ದಾಖಲೆಯಿಂದ ಇಡೀ ಋತುವಿಗೆ ನಿಯಮ ಮಾಡಬಹುದೇ ಎಂಬ ಪ್ರಶ್ನೆಯೂ ಎದುರಾಗುತ್ತದೆ. ಕಲಿಕೆಯ ದತ್ತಾಂಶಕ್ಕೆ ಅತಿಯಾಗಿ ಹೊಂದಿಕೊಂಡು ಹೊಸ ದಿನಗಳಲ್ಲಿ ತಪ್ಪುವ ದೋಷವನ್ನು ‘ಅತಿಹೊಂದಾಣಿಕೆ’ ಎನ್ನಬಹುದು.

### ಇತರ ಭಾಗಗಳು

ಉಳಿದ ಘಟಕಗಳಲ್ಲಿ ನರಜಾಲಗಳು, ಬೇಯ್ಸ್ ಪ್ರಮೇಯವನ್ನು ಆಧರಿಸಿದ ಕಲಿಕೆ, ಸಮೀಪದ ನೆರೆಯ ಉದಾಹರಣೆಗಳಿಂದ ವರ್ಗೀಕರಣ ಮತ್ತು ಪ್ರತಿಫಲದಿಂದ ಕಲಿಕೆ ಬರುತ್ತವೆ. ಸರಳ ಬೇಯ್ಸ್ ವರ್ಗೀಕರಣವು ಗುಣಗಳು ಪರಸ್ಪರ ಸ್ವತಂತ್ರವೆಂದು ಊಹಿಸುತ್ತದೆ. ನೆರೆಯ ಉದಾಹರಣೆಗಳ ವಿಧಾನವು ಅಳತೆಯ ಘಟಕಗಳಿಗೆ ಸಂವೇದಿಯಾಗಿದ್ದು, ಒಂದು ಗುಣವನ್ನು ಮೀಟರ್‌ನಲ್ಲಿಯೂ ಇನ್ನೊಂದನ್ನು ಮಿಲಿಮೀಟರ್‌ನಲ್ಲಿಯೂ ಅಳೆದರೆ ನೆರೆಹೊರೆಯೇ ಬದಲಾಗುತ್ತದೆ. ಕೆ-ಮೀನ್ಸ್ ಗುಂಪುಗಾರಿಕೆಯ ಫಲಿತಾಂಶವು ಆರಂಭದಲ್ಲಿ ಆಯ್ದ ಕೇಂದ್ರಬಿಂದುಗಳನ್ನು ಅವಲಂಬಿಸಿರುತ್ತದೆ.

## ಪ್ರಯೋಗಾಲಯ

2018ರ ಸ್ಕೀಮಿನ ಪ್ರಯೋಗಾಲಯದಲ್ಲಿ (18ಸಿಎಸ್ಎಲ್76) ಒಂಬತ್ತು ಪ್ರಯೋಗಗಳಿದ್ದವು.

1. ಎ-ಸ್ಟಾರ್ ಶೋಧ
2. ಎಒ-ಸ್ಟಾರ್ ಶೋಧ
3. ಅಭ್ಯರ್ಥಿ ನಿವಾರಣೆ
4. ಐಡಿ3 ನಿರ್ಧಾರ ವೃಕ್ಷ
5. ಹಿಮ್ಮುಖ ಪ್ರಸರಣದಿಂದ ನರಜಾಲದ ತರಬೇತಿ
6. ಸರಳ ಬೇಯ್ಸ್ ವರ್ಗೀಕರಣ
7. ಇಎಂ ಮತ್ತು ಕೆ-ಮೀನ್ಸ್ ಗುಂಪುಗಾರಿಕೆಗಳ ಹೋಲಿಕೆ
8. ಐರಿಸ್ ಹೂವಿನ ದತ್ತಾಂಶದ ಮೇಲೆ ಸಮೀಪದ ನೆರೆಯ ವಿಧಾನ
9. ಸ್ಥಳೀಯ ತೂಕದ ಹಿಂಚಲನ

ಐರಿಸ್ ದತ್ತಾಂಶವನ್ನು ರೊನಾಲ್ಡ್ ಫಿಶರ್ ಅವರು 1936ರಲ್ಲಿ ಪ್ರಕಟಿಸಿದರು. ಅದರಲ್ಲಿ ಮೂರು ಪ್ರಭೇದಗಳ 150 ಹೂವುಗಳ ನಾಲ್ಕು ಅಳತೆಗಳಿವೆ. ಗಾತ್ರ ಚಿಕ್ಕದಾಗಿರುವುದರಿಂದ ಸಾಧಾರಣ ಕಂಪ್ಯೂಟರಿನಲ್ಲಿಯೂ ಪ್ರಯೋಗವು ಕ್ಷಣದಲ್ಲಿ ಮುಗಿಯುತ್ತದೆ. ಈ ಪಟ್ಟಿಯ ಯಾವ ಪ್ರಯೋಗಕ್ಕೂ ದುಬಾರಿ ಯಂತ್ರಗಳು ಬೇಕಿಲ್ಲದಿರುವುದು ಸಣ್ಣ ಪಟ್ಟಣಗಳ ಕಾಲೇಜುಗಳಿಗೆ ಅನುಕೂಲಕರವಾಗಿದೆ.

2015ರ ಸ್ಕೀಮಿನ ಸೂಚನೆಗಳ ಪ್ರಕಾರ ಕಾರ್ಯಕ್ರಮಗಳನ್ನು ಜಾವಾ ಅಥವಾ ಪೈಥಾನ್ ಭಾಷೆಯಲ್ಲಿ ಬರೆಯಬಹುದಿತ್ತು. ಬಹುಪಾಲು ಪ್ರಯೋಗಗಳಲ್ಲಿ ಸಿದ್ಧ ಗ್ರಂಥಾಲಯಗಳನ್ನು ಬಳಸದೆ ಕ್ರಮವಿಧಿಯನ್ನು ಸ್ವತಃ ಬರೆಯಬೇಕಿತ್ತು. ದತ್ತಾಂಶವನ್ನು ಸಾರ್ವಜನಿಕ ಸಂಗ್ರಹಗಳಿಂದ ಪಡೆಯಬಹುದು ಅಥವಾ ವಿದ್ಯಾರ್ಥಿಗಳೇ ರಚಿಸಬಹುದು ಎಂದೂ ಅದರಲ್ಲಿ ತಿಳಿಸಲಾಗಿತ್ತು. ಈ ಕೊನೆಯ ಅವಕಾಶವನ್ನು ಬಳಸಿಕೊಂಡಾಗ ಗುಣಗಳನ್ನು ಆಯುವುದು, ಬಿಟ್ಟುಹೋದ ಅಳತೆಗಳನ್ನು ನಿಭಾಯಿಸುವುದು ಮತ್ತು ತಪ್ಪು ಗುರುತುಗಳನ್ನು ಪತ್ತೆಹಚ್ಚುವುದು ವಿದ್ಯಾರ್ಥಿಯ ಕೆಲಸವಾಗುತ್ತದೆ. ಸಿದ್ಧ ದತ್ತಾಂಶದಲ್ಲಿ ಈ ಕೆಲಸವನ್ನು ಬೇರೆಯವರು ಮುಂಚೆಯೇ ಮಾಡಿ ಮುಗಿಸಿರುತ್ತಾರೆ.

## ಕನ್ನಡದ ದತ್ತಾಂಶಗಳು

ಕನ್ನಡ ಲಿಪಿಗೆ ಸಂಬಂಧಿಸಿದ ಎರಡು ಮುಕ್ತ ದತ್ತಾಂಶಗಳು ಪರಿಚಯ ತರಗತಿಗೆ ಹೊಂದುತ್ತವೆ. 2009ರಲ್ಲಿ ಪ್ರಕಟವಾದ ಚಾರ್ಸ್74ಕೆ ಸಂಗ್ರಹದಲ್ಲಿ ಬೆಂಗಳೂರಿನ ಬೀದಿಗಳ ಫಲಕಗಳಿಂದ ತೆಗೆದ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳ ಚಿತ್ರಗಳಿವೆ. ವಿನಯ್ ಉದಯ್ ಪ್ರಭು ಅವರು 2019ರಲ್ಲಿ ಪ್ರಕಟಿಸಿದ ಕನ್ನಡ-ಎಂನಿಸ್ಟ್ ಸಂಗ್ರಹದಲ್ಲಿ ೦ಯಿಂದ ೯ರವರೆಗಿನ ಕೈಬರಹದ ಕನ್ನಡ ಅಂಕಿಗಳ 60,000 ತರಬೇತಿ ಚಿತ್ರಗಳೂ 10,000 ಪರೀಕ್ಷಾ ಚಿತ್ರಗಳೂ ಇವೆ. ಇದರ ಜೊತೆಗೆ, ಕನ್ನಡವನ್ನು ರೂಢಿಯಲ್ಲಿ ಬಳಸದವರು ಬರೆದ 10,240 ಅಂಕಿಗಳ ಇನ್ನೊಂದು ಸಂಗ್ರಹವನ್ನೂ ನೀಡಲಾಗಿದೆ. ಮೊದಲ ಸಂಗ್ರಹದಲ್ಲಿ ಕಲಿತ ಮಾದರಿಯು ಎರಡನೆಯದರಲ್ಲಿ ಗಮನಾರ್ಹವಾಗಿ ಹೆಚ್ಚು ತಪ್ಪುಗಳನ್ನು ಮಾಡುತ್ತದೆ. ಬರೆಯುವವರು ಬದಲಾದಾಗ ನಿಖರತೆಯೂ ಬದಲಾಗುತ್ತದೆ ಎಂಬುದಕ್ಕೆ ಇದು ನೇರ ನಿದರ್ಶನವಾಗಿದೆ.

ಗಡಿ ತಾಲ್ಲೂಕುಗಳಲ್ಲಿ ಕನ್ನಡ ಅಂಕಿಗಳ ಜೊತೆಗೆ ಮರಾಠಿಯ ದೇವನಾಗರಿ ಅಂಕಿಗಳೂ ಕಣ್ಣಿಗೆ ಬೀಳುತ್ತವೆ. ಕನ್ನಡದ ಹತ್ತು ಅಂಕಿಗಳನ್ನು ಮಾತ್ರ ಕಲಿತ ಮಾದರಿಗೆ ದೇವನಾಗರಿಯ ಅಂಕಿಯೊಂದನ್ನು ಕೊಟ್ಟರೆ, ಅದು ತನಗೆ ಗೊತ್ತಿರುವ ಹತ್ತರಲ್ಲಿ ಒಂದನ್ನು ಉತ್ತರವಾಗಿ ನೀಡುತ್ತದೆ. ‘ಗೊತ್ತಿಲ್ಲ’ ಎಂಬ ಹನ್ನೊಂದನೆಯ ಉತ್ತರವನ್ನು ವಿನ್ಯಾಸಕರು ಸೇರಿಸದಿದ್ದರೆ ಅದು ತಾನಾಗಿ ಹುಟ್ಟುವುದಿಲ್ಲ.

## ಬೋಧನಾ ಭಾಷೆ

ವಿಟಿಯು ಬಿ.ಇ. ಪದವಿಯ ಬೋಧನೆ, ಪಠ್ಯಪುಸ್ತಕಗಳು ಮತ್ತು ಪ್ರಶ್ನೆಪತ್ರಿಕೆಗಳು ಮುಖ್ಯವಾಗಿ ಇಂಗ್ಲಿಷಿನಲ್ಲಿವೆ. ಚಿಕ್ಕೋಡಿ ಮತ್ತು ನಿಪ್ಪಾಣಿ ಭಾಗದಲ್ಲಿ ಕನ್ನಡ ಮಾಧ್ಯಮದಿಂದ ಬರುವವರ ಜೊತೆಗೆ ಮರಾಠಿ ಮಾಧ್ಯಮದ ಶಾಲೆಗಳಲ್ಲಿ ಓದಿದವರೂ ಇರುತ್ತಾರೆ. ಅಖಿಲ ಭಾರತೀಯ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ಅವಕಾಶ ನೀಡಿತು ಮತ್ತು ಪಠ್ಯಪುಸ್ತಕಗಳ ಅನುವಾದವನ್ನು ಕೈಗೊಂಡಿತು.

ಪಾರಿಭಾಷಿಕ ಪದಗಳಲ್ಲಿ ಎರಡು ಬಗೆಯ ತೊಡಕುಗಳಿವೆ. ‘ನಿರ್ಧಾರ ವೃಕ್ಷ’, ‘ಯಂತ್ರ ಕಲಿಕೆ’ಯಂತಹ ಪದಗಳು ಕೇಳಿದೊಡನೆ ಅರ್ಥವಾಗುತ್ತವೆ, ಆದರೆ ಪರೀಕ್ಷೆಯಲ್ಲಿ ಇಂಗ್ಲಿಷ್ ಪದವೇ ಬರುತ್ತದೆ. ‘ಹ್ಯೂರಿಸ್ಟಿಕ್’, ‘ಎಂಟ್ರೊಪಿ’ಗಳಂತಹ ಪದಗಳನ್ನು ಕನ್ನಡದಲ್ಲಿಯೂ ಹಾಗೆಯೇ ಬಳಸಲಾಗುತ್ತಿದ್ದು, ಅವುಗಳ ಅರ್ಥವನ್ನು ಉದಾಹರಣೆಯಿಂದಲೇ ವಿವರಿಸಬೇಕಾಗುತ್ತದೆ. ವಿವರಣೆಯನ್ನು ಪರಿಚಿತ ಭಾಷೆಯಲ್ಲಿ ನೀಡಿ, ಪದವನ್ನು ಇಂಗ್ಲಿಷಿನಲ್ಲಿ ಉಳಿಸಿಕೊಳ್ಳುವ ಮಿಶ್ರ ಕ್ರಮವು ತರಗತಿಗಳಲ್ಲಿ ಸಾಮಾನ್ಯವಾಗಿದೆ.

## ಮೌಲ್ಯಮಾಪನ

2018ರ ಸ್ಕೀಮಿನಲ್ಲಿ 40 ಅಂಕಗಳು ಕಾಲೇಜಿನ ನಿರಂತರ ಮೌಲ್ಯಮಾಪನಕ್ಕೂ 60 ಅಂಕಗಳು ಸೆಮಿಸ್ಟರ್ ಅಂತ್ಯದ ಪರೀಕ್ಷೆಗೂ ಮೀಸಲಾಗಿದ್ದವು. 2021 ಮತ್ತು 2022ರ ಸ್ಕೀಮ್‌ಗಳಲ್ಲಿ ಇವೆರಡೂ ತಲಾ 50 ಆದವು. ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಚೀಟಿ ಎತ್ತುವ ಮೂಲಕ ಒಂದು ಪ್ರಯೋಗವನ್ನು ಪಡೆಯುತ್ತಾನೆ ಅಥವಾ ಪಡೆಯುತ್ತಾಳೆ.

ಪ್ರಯೋಗಗಳ ಪಟ್ಟಿ ಮೊದಲೇ ತಿಳಿದಿರುವುದರಿಂದ ಅವುಗಳ ಸಿದ್ಧ ಕಾರ್ಯಕ್ರಮಗಳು ಅಂತರಜಾಲದಲ್ಲಿ ಸುಲಭವಾಗಿ ದೊರೆಯುತ್ತವೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ಬಳಿಕ ಹೊಸ ಕಾರ್ಯಕ್ರಮಗಳನ್ನೂ ಕ್ಷಣದಲ್ಲಿ ಬರೆಯಿಸಿಕೊಳ್ಳಬಹುದಾಗಿದೆ. ಹೀಗಾಗಿ, ಓಡುವ ಕಾರ್ಯಕ್ರಮವೊಂದೇ ತಿಳಿವಳಿಕೆಗೆ ಸಾಕ್ಷಿಯಾಗಿ ಉಳಿದಿಲ್ಲ. ವಿದ್ಯಾರ್ಥಿಯ ತಿಳಿವಳಿಕೆಯನ್ನು ಅಳೆಯಲು ಕೆಳಗಿನ ವಿಧಾನಗಳು ಬಳಕೆಯಲ್ಲಿವೆ.

* ಐದಾರು ಸ್ಥಾನಗಳ ಚಿಕ್ಕ ನಕ್ಷೆಯ ಮೇಲೆ ಎ-ಸ್ಟಾರ್ ಅನ್ನು ಕಾಗದದಲ್ಲಿ ಹಂತ ಹಂತವಾಗಿ ಬಿಡಿಸುವುದು.
* ದತ್ತಾಂಶದ ಒಂದು ಸಾಲನ್ನು ಬದಲಿಸಿ, ಫಲಿತಾಂಶ ಹೇಗೆ ಬದಲಾಗುತ್ತದೆ ಎಂದು ಓಡಿಸುವ ಮುನ್ನವೇ ಹೇಳುವುದು.
* ಮಾದರಿಯು ತಪ್ಪುವ ಉದಾಹರಣೆಯನ್ನು ಹುಡುಕಿ ಕಾರಣವನ್ನು ಮೌಖಿಕವಾಗಿ ವಿವರಿಸುವುದು.

## ಪೂರಕ ಕಲಿಕೆ ಮತ್ತು ಇತರ ವಿಶ್ವವಿದ್ಯಾಲಯಗಳು

ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯು ನಡೆಸುವ ಎನ್‌ಪಿಟೆಲ್‌ನಲ್ಲಿ ಈ ವಿಷಯದ ಉಪನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ಐಐಟಿ ಮದ್ರಾಸಿನ ದೀಪಕ್ ಖೇಮಾನಿ ಅವರ ಶೋಧ ವಿಧಾನಗಳ ಪಾಠಮಾಲೆಯು ಇವುಗಳಲ್ಲಿ ಒಂದು. 2013ರಲ್ಲಿ ಪ್ರಕಟವಾದ ಅವರ ಪರಿಚಯ ಗ್ರಂಥವೂ ಭಾರತದಲ್ಲಿ ಬಳಕೆಯಲ್ಲಿದೆ.

ಅಮೆರಿಕದ ಬರ್ಕ್ಲಿಯಲ್ಲಿ ಪ್ಯಾಕ್-ಮ್ಯಾನ್ ಆಟವನ್ನು ಆಧರಿಸಿದ ಯೋಜನೆಗಳ ಮೂಲಕ ಶೋಧ ಮತ್ತು ಕಲಿಕೆಯನ್ನು ಕಲಿಸಲಾಗುತ್ತದೆ. ಇದರಲ್ಲಿ ಒಂದೇ ಆಟದ ಪರಿಸರವು ಬೇರೆ ಬೇರೆ ಘಟಕಗಳನ್ನು ಬೆಸೆಯುತ್ತದೆ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೆಬಾಸ್ಟಿಯನ್ ಥ್ರುನ್ ಮತ್ತು ಪೀಟರ್ ನಾರ್ವಿಗ್ ಅವರು ಅಂತರಜಾಲದಲ್ಲಿ ನಡೆಸಿದ ಪರಿಚಯ ಪಾಠಕ್ಕೆ ಸುಮಾರು 1,60,000 ಜನರು ನೋಂದಾಯಿಸಿಕೊಂಡರು. ಹೆಲ್ಸಿಂಕಿ ವಿಶ್ವವಿದ್ಯಾಲಯವು 2018ರಲ್ಲಿ ಸಾಮಾನ್ಯ ಜನರಿಗಾಗಿ ಉಚಿತ ಪಾಠವೊಂದನ್ನು ಆರಂಭಿಸಿತು. ಬೆಳಗಾವಿಯಲ್ಲಿ 1979ರಲ್ಲಿ ಸ್ಥಾಪನೆಯಾದ ಗೋಗಟೆ ತಾಂತ್ರಿಕ ಸಂಸ್ಥೆಯಂತಹ ಸ್ವಾಯತ್ತ ಕಾಲೇಜುಗಳಿಗೆ ತಮ್ಮ ಪಠ್ಯವನ್ನು ತಾವೇ ರೂಪಿಸುವ ಅಧಿಕಾರವಿದೆ. ಸ್ವಾಯತ್ತತೆ ಇಲ್ಲದ ಕಾಲೇಜುಗಳಲ್ಲಿ ಪಠ್ಯವು ನಿಗದಿಯಾಗಿದ್ದರೂ ಉದಾಹರಣೆಗಳ ಮತ್ತು ದತ್ತಾಂಶದ ಆಯ್ಕೆಯು ಬೋಧಕರ ಕೈಯಲ್ಲಿದೆ.

## ಇವನ್ನೂ ನೋಡಿ

* ಕೃತಕ ಬುದ್ಧಿಮತ್ತೆ
* ಯಂತ್ರ ಕಲಿಕೆ
* ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ
* ಕನ್ನಡ ಅಂಕಿಗಳು
* ಚಿಕ್ಕೋಡಿ
* ಕರೋಶಿ